ರೋಸ್ಕೊನ ಸರದಿ

ಬೊಗಳೆ ಬಿಡುವುದರಲ್ಲಿ ನನಗೆ ಹೆಸರಿದೆ, ಒಪ್ಪಿದೆ. ಇದು ಮಾತ್ರ ಡೆಟ್ರಾಯಿಟ್‌ನ ಲೊರೇನ್ ಅತ್ತೆಯ ಮನೆಯಲ್ಲಿ ಹಾಡುಹಗಲೇ ನಡೆದದ್ದು, ನನ್ನಾಣೆ.

ಅತ್ತೆಯ ಮಗ ರೋಸ್ಕೊ ಗೆಳೆಯರ ಹಿಪ್‌ಹಾಪ್ ತಂಡದಲ್ಲಿ ಹಾಡುತ್ತಿದ್ದ, ಅವರ ಆಲ್ಬಂಗೆ ತನ್ನ ದನಿ ಮುದ್ರಿಸುವ ಮೊದಲೇ ತೀರಿಕೊಂಡ. ಗೆಳೆಯರು ಆಲ್ಬಂನ ಕೊನೆಯ ಹಾಡಿನಲ್ಲಿ ಅವನು ಹಾಡಬೇಕಿದ್ದ ಸರದಿಯನ್ನು ಯಾರಿಗೂ ಕೊಡಲಿಲ್ಲ. ಬರೀ ಡ್ರಮ್ ಬಾರಿಸಿ ಖಾಲಿ ಬಿಟ್ಟರು. ಆ ವಿಚಿತ್ರ ಹಿಪ್‌ಹಾಪನ್ನು ಯಾರೂ ಕೊಳ್ಳಲಿಲ್ಲ. ವರ್ಷಗಳ ಮೇಲೆ ನೆಲಮಾಳಿಗೆಯ ಡಬ್ಬದಲ್ಲಿ ಅದರ ಗ್ರಾಮಫೋನ್ ಪ್ಲೇಟುಗಳು ನನಗೆ ಸಿಕ್ಕವು. ಒಂದನ್ನು ಅಡುಗೆಮನೆಗೆ ತಂದು ಹಾಕಿದೆ. ಉಳಿದ ಹಾಡುಗಳು ಸಪ್ಪೆ, ಕೊನೆಯದು ಮಾತ್ರ ಮೈ ಜುಮ್ಮೆನ್ನಿಸಿತು. ತಮ್ಮ ಬಳಿ ಮಗನ ದನಿಯ ಒಂದು ತುಣುಕೂ ಉಳಿದಿರದ ಅತ್ತೆ ಕಿವಿಗೊಟ್ಟು ಕೂತರು.

ಖಾಲಿ ಜಾಗ ಬಂದಾಗ, ಒಲೆಯ ಮೇಲೆ ಮೀನು ಚುರುಗುಟ್ಟುತ್ತಿದ್ದರೂ ಅಡುಗೆಮನೆ ತಣ್ಣಗಾಯಿತು. ಡ್ರಮ್ಮಿನ ನಡುವೆ ಯಾರೋ ಮೂಗೆಳೆದರು.

"ನೀನೇನೋ?" ಅಂದರು ಅತ್ತೆ.

"ನಂಗೆಲ್ಲಿ ನೆಗಡಿ, ಅತ್ತೆ?"

"ಹಾಡೋಕ್ ಮುಂಚೆ ಅವನು ಹಿಂಗೇ ಮೂಗೆಳೀತಿದ್ದ."

ಹೆದರಿ ಸೂಜಿ ಎತ್ತಿದೆ. ಹಾಡು ನಿಂತಿತು. ಮೂಗೆಳೆದ ಸದ್ದು ಮತ್ತೊಮ್ಮೆ, ನನ್ನ ಕುರ್ಚಿಯ ಪಕ್ಕದಲ್ಲೇ ಕೇಳಿಸಿತು.

"ಹಾಕೋ ಕತ್ತೆ, ಮಗು ಈಗಷ್ಟೇ ಶುರು ಮಾಡೋನಿದ್ದ," ಎಂದು ಅತ್ತೆ ಬೈದರು.

ಡಬ್ಬದ ಬೇರೆ ಪ್ಲೇಟುಗಳಲ್ಲಿ ಆ ಜಾಗಕ್ಕೆ ಬರೀ ಡ್ರಮ್ಮು, ಮೂಗೆಳೆದ ಸದ್ದಿಲ್ಲ. ಅತ್ತೆ ದಿನವಿಡೀ ಆ ಒಂದನ್ನೇ ಹಾಕುತ್ತಾರೆ. ಅವನಿನ್ನೂ ಶುರು ಮಾಡಿಲ್ಲ. ನಂಬಿಕೆ ಬರದಿದ್ದರೆ ನೀವೇ ಬಂದು ಕೇಳಿ. ಬರುವಾಗ ಒಂದು ಹೊಸ ಸೂಜಿ ತನ್ನಿ, ನಮ್ಮದು ಸವೆದುಹೋಗಿದೆ.