ಮೇಡಂ ಸಾಕಿದ ಕಣಜದ ಹುಳುಗಳು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಕೀಟಗಳ ಪ್ರಯೋಗಾಲಯದಲ್ಲಿ ಸಹಾಯಕ. ಕಂಬಳಿಹುಳದ ಮೈಯೊಳಗೆ ಮೊಟ್ಟೆಯಿಡುವ, ಇನ್ನೂ ಯಾರೂ ಹೆಸರಿಡದ ಒಂದು ಜಾತಿಯ ಕಣಜದ ಹುಳುಗಳನ್ನು ನಮ್ಮ ಮೇಡಂ ಒಬ್ಬರೇ ಗಾಜಿನ ಜಾಡಿಯಲ್ಲಿ ಸಾಕುತ್ತಿದ್ದರು. ತೆರೆಯುವ ಮುಂಚೆ ಮುಚ್ಚಳವನ್ನು ಉಗುರಿನಿಂದ ಎರಡು ಸಲ ತಟ್ಟುವರು; ಹುಳುಗಳು ತಳಕ್ಕಿಳಿಯುತ್ತಿದ್ದವು.

“ತಟ್ಟದೆ ಯಾರ ಮನೆಗೂ ನುಗ್ಗಬಾರ್ದು ಕಣಯ್ಯಾ,” ಅನ್ನುತ್ತಿದ್ದರು.

ಮೇಡಂ ತೀರಿಕೊಂಡ ಗಡಿಬಿಡಿಯಲ್ಲಿ ಹುಳುಗಳಿಗೆ ಜೇನುನೀರು ಇಡುವುದನ್ನೇ ಮರೆತೆ. ಐದನೆಯ ದಿನ ಮಧ್ಯಾಹ್ನ ನೆನಪಾಯಿತು. ಜೇನುನೀರಿಲ್ಲದೆ ಅವು ಎರಡು ದಿನವೂ ಬಾಳುವುದಿಲ್ಲ. ಬೇರೆ ಯಾರ ಬಳಿಯೂ ಆ ಜಾತಿ ಇಲ್ಲ. ಎದ್ದೆನೋ ಬಿದ್ದೆನೋ ಎಂದು ಪ್ರಯೋಗಾಲಯಕ್ಕೆ ಓಡಿದೆ.

“ಐದು ದಿನದಿಂದ ಈ ಕಡೆ ಯಾರೂ ಬಂದಿಲ್ಲ ಸಾರ್,” ಎಂದ ಕಾವಲುಗಾರ. ಕೋಣೆಗೆ ಇದ್ದ ಒಂದೇ ಕೀಲಿ ನನ್ನ ಜೇಬಿನಲ್ಲಿತ್ತು.

ಮುಚ್ಚಿದ ಕೋಣೆ ಒಲೆಯಂತೆ ಕಾದಿತ್ತು. ಜಾಡಿ ಮಾತ್ರ ತಣ್ಣಗಿತ್ತು. ಒಳಗಿನ ಹತ್ತಿಯಿಂದ ಜೇನುನೀರು ತೊಟ್ಟಿಕ್ಕುತ್ತಿತ್ತು. ಹುಳುಗಳೆಲ್ಲ ಮುಚ್ಚಳಕ್ಕಂಟಿ ಓಡಾಡುತ್ತಿದ್ದವು. ಹೋದ ಜೀವ ಬಂದಂತಾಯಿತು.

ನಾನಿನ್ನೂ ಕೈ ಎತ್ತಿರಲಿಲ್ಲ. ಮುಚ್ಚಳ ಟಕ್, ಟಕ್ ಎಂದಿತು. ಹುಳುಗಳೆಲ್ಲ ತಳಕ್ಕಿಳಿದವು.

ಅಂದಿನಿಂದ ರಜೆಯ ದಿನ ಜೇನುನೀರಿಡಲು ನಾನು ಆ ಕಡೆ ಹೋಗುವುದಿಲ್ಲ. ಇದುವರೆಗೆ ಒಂದು ಹುಳುವೂ ಹಸಿದು ಸತ್ತಿಲ್ಲ.