ಅಮ್ಮ ಬಂದವ್ಳೆ

“ಕೂತ್ಕೊಳ್ಳಿ ಸ್ವಾಮಿ,” ಅಂದಳು ಅವಳು, ಊಟದ ಡಬ್ಬಿಯಿಂದ ತಲೆ ಎತ್ತದೆ.

ಜಗಳ ಆಡಲೆಂದೇ ಬಂದಿದ್ದ ಸ್ವಾಮಿ ತಬ್ಬಿಬ್ಬಾದ. “ನನ್ನ ಹೆಸರು ನಿಮಗೆ ಹೆಂಗ್ ಗೊತ್ತು?”

ಈಗ ತಲೆ ಎತ್ತಿದಳು. ದೊಡ್ಡ ಕಣ್ಣು. ತುಟಿಯಂಚಿನಲ್ಲಿ ಚಿತ್ರಾನ್ನದ ಒಂದು ಅಗುಳು. “ಗೊತ್ತಿಲ್ಲ. ಸಿಟ್ಟಲ್ಲಿ ಬಂದೋರನ್ನೆಲ್ಲ ಸ್ವಾಮಿ ಅಂತಲೇ ಕರೆಯೋದು ನಾನು. ಅರ್ಧ ಸಿಟ್ಟು ಇಳಿದುಬಿಡುತ್ತೆ.”

ಅರ್ಧ ಇಳಿದಿತ್ತು, ನಿಜ. ಇನ್ನರ್ಧ ಆ ಅಗುಳನ್ನು ನೋಡುತ್ತಾ ಇಳಿಯತೊಡಗಿತ್ತು. ಅಷ್ಟರಲ್ಲಿ ಹಿಂದೆ ನಿಂತಿದ್ದ ಫುಲ್ಮನಿ ಬಿಕ್ಕಿದಳು. ಸ್ವಾಮಿಗೆ ಬಂದ ಕೆಲಸ ನೆನಪಾಯಿತು.

ರಾಮನಗರದಲ್ಲಿ ಅವನದೊಂದು ಸಣ್ಣ ರೇಷ್ಮೆ ರೀಲಿಂಗ್ ಯೂನಿಟ್. ಫುಲ್ಮನಿ ಜಾರ್ಖಂಡಿನಿಂದ ಬಂದು ಅಲ್ಲಿ ನೂಲು ತೆಗೆಯುವವಳು. ಹೋದ ವಾರ ಗೂಡಿನ ಮಾರ್ಕೆಟ್ಟಿನ ಗದ್ದಲದಲ್ಲಿ ಅವಳ ಪುಟ್ಟ ಮಗಳು ಝುಮ್ರಿ ಕೈತಪ್ಪಿ ಹೋಗಿದ್ದಳು. ಪೊಲೀಸರಿಗೆ ಸಿಕ್ಕ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿ ಬಾಲಮಂದಿರದಲ್ಲಿ ಇರಿಸಿತ್ತು. ವಿಚಾರಣೆ ಮುಗಿಯುವ ತನಕ ತಾಯಿ ಹೋಗಿ ನೋಡಿಕೊಂಡು ಬರಬಹುದು, ಕರಕೊಂಡು ಬರುವ ಹಾಗಿಲ್ಲ. ಈ ಕೇಸು ನೋಡುತ್ತಿದ್ದವಳೇ ಭಾನುಪ್ರಿಯ, ಇಲಾಖೆಯ ಸಮಾಜ ಕಾರ್ಯಕರ್ತೆ.

“ಮೇಡಂ, ಇವಳ ಮಗೀನ ಯಾರಿಗ್ ಕೊಟ್ಬುಟ್ರಿ? ಇವತ್ತು ನೋಡಕ್ ಹೋದ್ರೆ, ಅದರ ತಾಯಿ ಬಂದವ್ಳೆ, ನೀನು ಹೋಗು ಅಂದ್ರಂತೆ!”

“ಯಾರಿಗೂ ಕೊಟ್ಟಿಲ್ಲ. ಹಂಗಂದೋರು ಯಾರು?”

“ಗೇಟಲ್ಲಿದ್ದ ಹೊಸ ಆಯಾ. ಇವಳು ಗೇಟು ಹತ್ತಿ ಒಳಕ್ ಹಾರವ್ಳೆ. ಎಳೆದು ಈಚೆ ಹಾಕವ್ರೆ. ನೋಡಿ, ಕೈಯೆಲ್ಲ ತರಚೋಗೈತೆ.”

ಭಾನುಪ್ರಿಯ ಡಬ್ಬಿ ಬಿಟ್ಟು ಎದ್ದಳು. ಮೊದಲು ಫುಲ್ಮನಿಯ ಕೈ ಹಿಡಿದು ಗಾಯ ತೊಳೆದಳು, ಆಮೇಲೆ ಫೋನ್ ತೆಗೆದಳು. ಈ ಕ್ರಮ ಸ್ವಾಮಿಯ ಮನಸ್ಸಿನಲ್ಲಿ ಉಳಿಯಿತು. ಸರ್ಕಾರಿ ಕಚೇರಿಯಲ್ಲಿ ಅವನು ಅದನ್ನು ನಿರೀಕ್ಷಿಸಿರಲಿಲ್ಲ.

ಸ್ಪೀಕರಿನಲ್ಲಿ ಆಯಾಳ ದನಿ ಬಂತು. “ಝುಮ್ರಿಗಾ? ಅಮ್ಮ ಬಂದವ್ಳೆ ಮೇಡಂ. ಬೇವಿನ ಸೊಪ್ಪು ಹಾಸಿ ಮಲಗ್ಸಿದೀವಿ. ಯಾರನ್ನೂ ಒಳಕ್ ಬುಡ್ತಿಲ್ಲ. ಆವಾಗ್ಲೆ ಯಾವಳೋ ಗೇಟ್ ಹತ್ಬುಟ್ಟು…”

ಸ್ವಾಮಿ ಹಣೆ ಚಚ್ಚಿಕೊಂಡ. ಮಗುವಿಗೆ ಬಂದಿದ್ದು ಮೈಮೇಲೆ ಗುಳ್ಳೆ ಏಳಿಸುವ ಅಮ್ಮ, ಸೀತಾಳೆ ಸಿಡುಬು! ಫುಲ್ಮನಿಗೆ ಗೊತ್ತಿದ್ದ ನಾಲ್ಕಾರು ಕನ್ನಡ ಮಾತಿನಲ್ಲಿ ಅಮ್ಮ ಅನ್ನೋದೂ ಒಂದು. ಆಯಾ ಹೇಳಿದ ‘ಅಮ್ಮ’ ಫುಲ್ಮನಿಯ ಹಿಂದಿಯಲ್ಲಿ ‘ಮಾ’ ಆಗಿ, ಸ್ವಾಮಿಯ ಬಾಯಲ್ಲಿ ಕನ್ನಡಕ್ಕೆ ವಾಪಸ್ ಬರುವ ಹೊತ್ತಿಗೆ ಹೆತ್ತ ತಾಯಿಯೇ ಆಗಿಹೋಗಿದ್ದಳು.

“ಸೀತಾಳೆ ಅಂತ ಹೇಳಿ ಇವಳಿಗೆ,” ಅಂದಳು ಭಾನುಪ್ರಿಯ.

ಸೀತಾಳೆಗೆ ಹಿಂದಿಯಲ್ಲಿ ಏನಂತಾರೆ? ಯೂನಿಟ್ಟಿನಲ್ಲಿ ಕಲಿತ ಹಿಂದಿಯಲ್ಲಿ ಆ ಮಾತು ಬಂದಿರಲಿಲ್ಲ. ಸ್ವಾಮಿ ತನ್ನ ಕೆನ್ನೆ, ಮೂಗು, ಹಣೆಗೆಲ್ಲ ಬೆರಳಿಂದ ಚುಕ್ಕಿ ಇಟ್ಟು ತೋರಿಸಿದ. ಫುಲ್ಮನಿ ಕಣ್ಣು ಪಿಳಿಪಿಳಿ ಬಿಟ್ಟಳು. ಭಾನುಪ್ರಿಯ ನಗು ತಡೆಯಲು ಸೆರಗಿನ ತುದಿ ಬಾಯಿಗೊತ್ತಿಕೊಂಡಳು. ಅದನ್ನು ನೋಡಿ ಅವನು ಇನ್ನೆರಡು ಚುಕ್ಕಿ ಜಾಸ್ತಿಯೇ ಇಟ್ಟ.

“ಮಾ ನಹೀ… ದೇವೀ ಮಾ. ಮಾತಾ!”

“ಮಾತಾ ಆಯೀ ಹೈ?” ಫುಲ್ಮನಿ ಕೈ ಮುಗಿದಳು. ಅವಳ ಊರಲ್ಲೂ ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ಮಾತಾ ಬಂದಳು ಅಂತಲೇ ಅನ್ನುವುದು. ನೆಲಕ್ಕೆ ಕುಸಿದು ಕೂತು ಅತ್ತಳು, ಅಳುತ್ತಲೇ ನಕ್ಕಳು. ತನ್ನ ಹಣೆಯ ಹಳೇ ಕಲೆ ತೋರಿಸಿ, ನನಗೂ ಬಂದು ಹೋಗಿದೆ ಅಂದಳು.

“ಹಂಗಾದ್ರೆ ಇವಳು ಧಾರಾಳವಾಗಿ ಒಳಗೆ ಹೋಗಬಹುದು. ನಡೀರಿ,” ಅಂದಳು ಭಾನುಪ್ರಿಯ. ಚಿತ್ರಾನ್ನ ಮೇಜಿನ ಮೇಲೇ ಉಳಿಯಿತು.

ಬಾಲಮಂದಿರದಲ್ಲಿ ಮಗು ಮಂಚದಿಂದ ಕೈ ಚಾಚಿ ತಾಯಿಯ ಕುತ್ತಿಗೆಗೆ ಜೋತುಬಿದ್ದಾಗ, ಇವಳು ತಾಯಿ ಹೌದೋ ಅಲ್ಲವೋ ಅನ್ನುವ ಪ್ರಶ್ನೆ ಯಾರಿಗೂ ಉಳಿಯಲಿಲ್ಲ. ಆದರೆ ಗೇಟು ಹಾರಿದ ಸುದ್ದಿ ಸಮಿತಿಗೆ ಆಗಲೇ ಮುಟ್ಟಿತ್ತು. ಹೆಂಗಸು ಒರಟು, ನೆಲೆ ಇಲ್ಲ. ಮಗುವನ್ನು ಜಾರ್ಖಂಡಿನ ಬಾಲಮಂದಿರಕ್ಕೆ ಕಳಿಸೋಣ, ಅಲ್ಲಿಯವರೇ ವಿಚಾರಿಸಿಕೊಳ್ಳಲಿ ಅನ್ನುವ ಮಾತು ಎದ್ದಿತ್ತು. ಹಾಗಾದರೆ ತಾಯಿ ಇಲ್ಲಿ, ಮಗಳು ಅಲ್ಲಿ.

ಮನೆ ನೋಡಿ ವರದಿ ಕೊಡಲು ಭಾನುಪ್ರಿಯ ಯೂನಿಟ್ಟಿಗೆ ಬಂದಳು. ಗೂಡು ಬೇಯುವ ವಾಸನೆಗೆ ಹೊಸಬರು ಬಾಗಿಲಲ್ಲೇ ಮೂಗು ಮುಚ್ಚುತ್ತಾರೆ. ಅವಳು ಮುಚ್ಚಲಿಲ್ಲ. ಹಬೆಗೆ ಕಣ್ಣು ಕೆಂಪಾದರೂ ಅಲ್ಲೇ ಪಕ್ಕದ ಫುಲ್ಮನಿಯ ಕೋಣೆಯಲ್ಲಿ ನೆಲದ ಮೇಲೆ ಕೂತು, ಅವಳು ಕೊಟ್ಟ ರೊಟ್ಟಿ, ಟೊಮೆಟೊ ಚಟ್ನಿ ತಿಂದಳು.

“ವಾಸನೆ ಆಗ್ಲಿಲ್ವಾ ಮೇಡಂ?” ಹೊರಗೆ ಬಂದಾಗ ಸ್ವಾಮಿ ಕೇಳಿದ.

“ಆಗದೆ ಏನು? ಮೂಗು ಮುಚ್ಕೊಂಡು ಕೂತ್ರೆ ಆಯಮ್ಮ ನನ್ನ ಹತ್ರ ಬಾಯಿ ಬಿಡ್ತಾಳಾ?” ಒಂದು ಹೆಜ್ಜೆ ಮುಂದೆ ಹೋಗಿ ತಿರುಗಿದಳು. “ನೀವ್ ಮಾತ್ರ ಒಳಗೆ ಬಂದಾಗಿಂದ ನನ್ನ ಮೂಗನ್ನೇ ನೋಡ್ತಿದ್ರಿ.”

“ಮುಚ್ತೀರೇನೋ ಅಂತ.”

“ಮುಚ್ಚಿಲ್ಲ ಅಂತ ಗೊತ್ತಾದ ಮೇಲೂ ನೋಡ್ತಿದ್ರಿ.”

ಸ್ವಾಮಿಯ ಕಿವಿ ಕೆಂಪಗಾಯಿತು. ಅದಕ್ಕೂ ಹಬೆಯೇ ಕಾರಣ ಅಂತ ಹೇಳಬೇಕೆಂದುಕೊಂಡ, ಹೊರಗೆ ಹಬೆ ಇರಲಿಲ್ಲ.

ವಿಚಾರಣೆಯ ದಿನ ಫುಲ್ಮನಿಯ ಮಾತನ್ನು ಕನ್ನಡಕ್ಕೆ ತರಲು ಅವನೇ ನಿಂತ. ಸಮಿತಿಯ ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು, “ಗೇಟು ಹಾರಿ ಬರೋ ಹೆಂಗಸಿನ ಕೈಗೆ ಮಗು ಕೊಡೋದು ಹೇಗೆ?” ಅಂದರು.

ಭಾನುಪ್ರಿಯ ಎದ್ದು ನಿಂತಳು. ದನಿ ಏರಿಸಲಿಲ್ಲ.

“ತಪ್ಪು ನಮ್ಮದು ಮೇಡಂ. ಅವಳ ಭಾಷೇಲಿ ಒಂದು ಮಾತು ಹೇಳೋರನ್ನ ನಾನು ಗೇಟಲ್ಲಿ ಇಟ್ಟಿರಲಿಲ್ಲ. ನಿನ್ನ ಮಗಳಿಗೆ ಬೇರೆ ತಾಯಿ ಬಂದಿದ್ದಾಳೆ ಅಂತ ಅವಳಿಗೆ ಕೇಳಿಸ್ತು. ಅದನ್ನ ಕೇಳಿ ಸುಮ್ಮನೆ ವಾಪಸ್ ಹೋಗಿದ್ದಿದ್ರೆ ನಾನೇ ಅನುಮಾನ ಪಡ್ತಿದ್ದೆ. ಅವಳ ಕೋಣೆ ನೋಡಿ ಬಂದಿದೀನಿ. ಮಗುವಿನ ಕೈಗೆಟುಕೋ ಹಂಗೆ ಗೋಡೇಲಿ ಮೊಳೆ ಇಲ್ಲ, ನೆಲದಲ್ಲಿ ಬಿಸಿನೀರಿಲ್ಲ. ಮಗು ತಾಯಿ ಹತ್ರ ಇರಲಿ. ಆಗಾಗ ಹೋಗಿ ನೋಡ್ಕೊಳ್ಳೋ ಜವಾಬ್ದಾರಿ ನನ್ನದು.”

ಸ್ವಾಮಿ ಅದನ್ನು ಹಿಂದಿಗೆ ತರಬೇಕಿತ್ತು. ಅದನ್ನು ಮರೆತು ಅವಳನ್ನೇ ನೋಡುತ್ತಾ ನಿಂತ. ತಪ್ಪನ್ನು ಇಷ್ಟು ನೆಟ್ಟಗೆ ತನ್ನ ತಲೆ ಮೇಲೆ ಹಾಕಿಕೊಳ್ಳುವವರನ್ನು ಅವನು ಕಂಡಿರಲಿಲ್ಲ. ಅಲ್ಲೇ, ಆ ಕೋಣೆಯಲ್ಲೇ, ಅವಳ ಮೇಲೆ ಅವನಿಗೆ ಪ್ರೀತಿ ಹುಟ್ಟಿತು ಅಂತ ಹೇಳುವುದು ಸುಳ್ಳಾದೀತು. ಅಗುಳು ಕಂಡ ದಿನವೇ ಹುಟ್ಟಿತ್ತು. ಇವತ್ತು ಅದಕ್ಕೆ ಮರ್ಯಾದೆಯೂ ಸೇರಿತು.

ಅಧ್ಯಕ್ಷೆ ಪಕ್ಕದವರ ಜೊತೆ ಪಿಸುಗುಟ್ಟಿದರು. ಆಮೇಲೆ ಕನ್ನಡಕ ತೆಗೆದು, “ಗುಣ ಆದ ಕೂಡಲೇ ಮಗೂನ ಕರಕೊಂಡು ಹೋಗಲಿ,” ಅಂದರು.

ಅವತ್ತಿನಿಂದ ದಿನಾ ಸಂಜೆ ಸ್ವಾಮಿ ಫುಲ್ಮನಿಯನ್ನು ಬೈಕಿನಲ್ಲಿ ಕೂರಿಸಿಕೊಂಡು, ಬೇವಿನ ಸೊಪ್ಪಿನ ಸಮೇತ ಬಾಲಮಂದಿರಕ್ಕೆ ಬರುತ್ತಿದ್ದ. ಒಳಗೆ ತಾಯಿ ಮಗಳ ಮಾತು ನಡೆಯುತ್ತಿದ್ದರೆ ಹೊರಗಿನ ಕಟ್ಟೆಯ ಮೇಲೆ ಭಾನುಪ್ರಿಯ ಅವನ ಹತ್ತಿರ ಹಿಂದಿ ಕಲಿಯುತ್ತಿದ್ದಳು. ಸೀತಾಳೆಗೆ ಏನಂತಾರೆ ಅಂತ ದಿನಾ ಕೇಳುತ್ತಿದ್ದಳು. ಅವನು ಮುಖಕ್ಕೆ ಚುಕ್ಕಿ ಇಡಲಿ ಅಂತಲೇ ಕೇಳುತ್ತಾಳೆಂದು ಅವನಿಗೂ ಗೊತ್ತಿತ್ತು.

ಗುಳ್ಳೆ ಉದುರಿ, ತಲೆಗೆ ನೀರು ಹಾಕಿಸಿಕೊಂಡ ಝುಮ್ರಿ ಗೇಟು ದಾಟಿ ಬಂದು ತಾಯಿಯ ಸೊಂಟ ಏರಿದಳು. ಭಾನುಪ್ರಿಯ ಅತ್ತ ತಿರುಗಿ ಕಣ್ಣೊರೆಸಿಕೊಂಡಳು. ನಾಳೆಯಿಂದ ಇಲ್ಲಿಗೆ ಬರಲು ನೆಪ ಇಲ್ಲ ಅನ್ನುವುದು ಸ್ವಾಮಿಗೆ ಆಗ ಹೊಳೆಯಿತು.

“ನಿಮ್ಮೂರು ಮಾಗಡಿ ಹತ್ರ ಗುಡೇಮಾರನಹಳ್ಳಿ ಅಲ್ವಾ ಮೇಡಂ?”

“ಹೌದು. ಯಾಕೆ?”

“ಭಾನುವಾರ ನಿಮ್ಮನೇಗೆ ಅಮ್ಮ ಬತ್ತಾಳೆ.”

ಅವಳ ಕಣ್ಣು ಅಗಲವಾಯಿತು. “ಯಾವ ಅಮ್ಮ?”

“ಕಾವೇರಮ್ಮ. ನನ್ನ ಹೆತ್ತೋಳು. ಹೆಣ್ಣು ಕೇಳಕ್ಕೆ. ನೀವು ಬ್ಯಾಡ ಅಂದ್ರೆ ಬರಕಿಲ್ಲ.”

ಅವಳು ಗೇಟಿನ ಚಿಲಕವನ್ನು ಒಮ್ಮೆ ಹಾಕಿದಳು, ಒಮ್ಮೆ ತೆಗೆದಳು. “ನಾವು ಗೇಟು ಹಾಕ್ಕೊಂಡಿದ್ರೆ?”

“ಹಾರ್ತಾಳೆ. ಫುಲ್ಮನಿ ಕಲಿಸ್ಕೊಡ್ತಾಳೆ.”

ಈ ಸಲ ಬಾಯಿಗೆ ಸೆರಗು ಅಡ್ಡ ಬರಲಿಲ್ಲ. ಜೋರಾಗಿ ನಕ್ಕಳು. “ವಯಸ್ಸಾದೋರು, ಬೇಡ. ಗೇಟು ತೆಗೆದೇ ಇಟ್ಟಿರ್ತೀನಿ ಸ್ವಾಮಿ.”

ಸ್ವಾಮಿ ಒಂದು ಹೆಜ್ಜೆ ಹತ್ತಿರ ಬಂದ. “ಈಗಂದಿದ್ದು ನನ್ನ ಹೆಸರಾ, ಇಲ್ಲಾ ಸಿಟ್ಟಲ್ಲಿ ಬಂದೋರಿಗೆ ಅನ್ನೋ ಸ್ವಾಮಿನಾ?”

“ನಿಮಗೀಗ ಸಿಟ್ಟು ಬಂದಿದೆಯಾ?”

“ಇಲ್ಲ.”

“ಮತ್ತೆ? ಹೆಸರೇ.”