ಝೂಲಿನ ಕೆಳಗಿನ ಗಾಯ

"ಮುಟ್ಟಬ್ಯಾಡ್ರಿ ಅದಕ್ಕ! ಇನ್ನೊಂದ್ ಹೆಜ್ಜಿ ಮುಂದ ಇಟ್ರ ನೋಡ್ರಿ..."

ಲಾಯದ ಬಾಗಿಲಿಗೆ ಅಡ್ಡ ನಿಂತಿದ್ದಳು ಕುಬರಾ. ಸಿಟ್ಟು ಬಂದರೆ ಅವಳ ಮೂಗಿನ ತುದಿ ಕೆಂಪಾಗುತ್ತದೆ. ಬೀದರಿನ ಆ ಓಣಿಗೆಲ್ಲ ಅದು ಗೊತ್ತು, ಅವಳೊಬ್ಬಳಿಗೇ ಗೊತ್ತಿಲ್ಲ!

ಎದುರಿಗಿದ್ದವನು ತನ್ವೀರ. ಭಾಲ್ಕಿಯಲ್ಲಿ ದನಕರುಗಳ ಔಷಧದ ಅಂಗಡಿ ಇಟ್ಟವನು. ಅವನು ಕೊಟ್ಟ ನೊಣದ ಔಷಧ ಹಚ್ಚಿದ ಮೇಲೆಯೇ ಅವಳ ಬಿಳಿ ಕುದುರೆ ನೂರಿ, ನಿನ್ನೆ ಭಾಲ್ಕಿಯ ಬರಾತಿನ ಮೆರವಣಿಗೆಯಲ್ಲಿ ಹುಚ್ಚೆದ್ದು ಕುಣಿದು ಮದುಮಗನನ್ನು ಕೆಡವಿತ್ತು. ಈಗ ಅದರ ಬೆನ್ನ ತುಂಬ ದದ್ದು. ಚರ್ಮ ಕೆಂಪಗೆ ಬಾತು ಕೂದಲು ಉದುರುತ್ತಿತ್ತು.

"ಎಷ್ಟ್ ಬೇಕಾದ್ರೂ ಬೈಯ್ರಿ," ಅವನು ಬಕೆಟ್ ಕೆಳಗಿಟ್ಟ. "ಆದ್ರ ಮೊದಲ ತೊಳಿಲಿಕ್ಕ ಬಿಡ್ರಿ. ಔಷಧ ಇನ್ನಾ ಮೈಮ್ಯಾಲ ಅದ. ಪಾಪ, ಉರಿಲಿಕ್ಕತ್ತದ ಅದಕ್ಕ."

ಆ ದನಿಯಲ್ಲಿ ಏನಿತ್ತೋ... ಕುಬರಾ ಪಕ್ಕಕ್ಕೆ ಸರಿದಳು. ತಣ್ಣೀರು ಬಿದ್ದೊಡನೆ ನೂರಿ ಮೈ ಕೊಡವಿ, ಆಮೇಲೆ ಮೆಲ್ಲಗೆ ತಲೆ ತಗ್ಗಿಸಿತು.

ಅಷ್ಟರಲ್ಲಿ ಅವಳ ಅಬ್ಬಾ ಅಬ್ದುಲ ಖಾದರ ಬಂದರು. ಅಜ್ಜನ ಕಾಲದಿಂದ ಬರಾತಿಗೆ ಕುದುರೆ ಒಯ್ಯುವ ಮನೆ ಅವರದು. ಬೀದರ, ಭಾಲ್ಕಿ, ಔರಾದ... ಎಲ್ಲಿ ಮದುವೆಯಾದರೂ ಮೊದಲು ಕೇಳುವುದು ಖಾದರ ಚಾಚಾರ ಕುದುರೆಯನ್ನೇ.

"ಚಾಚಾ, ಔಷಧ ಹಚ್ಚಿದ ಮ್ಯಾಲ ನೆರಳಾಗ ಒಣಗಿಸಿದ್ರಿ ಅಲ್ಲಾ? ಒಣಗೋತನಕ ಮ್ಯಾಲ ಏನೂ ಹೊಚ್ಚಿಲ್ಲ, ಹೌದಲ್ರಿ?" ತನ್ವೀರ ಕೇಳಿದ.

"ನನಗ ಕುದುರಿ ಸಾಕೋದು ಕಲಸ್ಲಿಕ್ಕ ಬಂದಿ ಏನು? ನೀ ಹೇಳಿದಂಗೇ ಮಾಡೀನಿ!"

ತನ್ವೀರ ನೂರಿಯ ಬೆನ್ನನ್ನು ನೋಡಿದ. ಚಾಚಾರ ಮುಖ ನೋಡಿದ. ಅಬ್ಬಾನ ಮಾತನ್ನು ಕಣ್ಣು ಮುಚ್ಚಿ ನಂಬಿ ನಿಂತಿದ್ದ ಕುಬರಾಳನ್ನೂ ಒಮ್ಮೆ ನೋಡಿದ.

"ಹಂಗಾದ್ರ ತಪ್ಪು ಔಷಧದ್ದೇ ಇರಬೇಕ್ರಿ, ಚಾಚಾ," ಎಂದ ಮೆಲ್ಲಗೆ.

ಒಪ್ಪಿಕೊಂಡನಲ್ಲ! ಕುಬರಾಳಿಗೆ ಇನ್ನೇನು ಬೇಕಿತ್ತು? ಅವತ್ತು ಬಾಯಿಗೆ ಬಂದಂತೆ ಬೈದಳು.

ಆದರೂ ಅವನು ದಿನಾ ಬಂದ. ಭಾಲ್ಕಿಯಿಂದ ಬಸ್ಸಿನಲ್ಲಿ ಬಂದು, ನೂರಿಯ ಮೈ ತೊಳೆದು, ಮುಲಾಮು ಹಚ್ಚಿ, ಕಿವಿಯಲ್ಲಿ ಏನೇನೋ ಪಿಸುಗುಟ್ಟಿ ಹೋಗುತ್ತಿದ್ದ. ಕುಬರಾಳ ಬೈಗುಳ ಸಣ್ಣದಾಯಿತು. ಆಮೇಲೆ ಒಂದು ಕಪ್ ಚಹಾ ಬಂತು. ಚಹಾದ ಜೊತೆ ಖಾರಿ ಬಿಸ್ಕೀಟೂ ಬಂತು.

'ಇವನ ಮೇಲೆ ಸಿಟ್ಟಿರಬೇಕಲ್ಲ ನನಗೆ? ಮತ್ತೆ ಅವನು ಬರುವ ಹೊತ್ತಿಗೆ ಕೈಯೊಳಗಿನ ಹುಲ್ಲು ಯಾಕೆ ಜಾರಿ ಬೀಳುತ್ತದೆ...?'

ಅತ್ತ ಅಬ್ಬಾ ಮಾತ್ರ ಸುಮ್ಮನಿರಲಿಲ್ಲ. ಸಿಕ್ಕ ಸಿಕ್ಕ ಹೋಟೆಲಿನಲ್ಲಿ ಕೂತು, ಭಾಲ್ಕಿಯ ಹುಡುಗ ನನ್ನ ಕುದುರೆ ಸುಟ್ಟ ಎಂದು ಹೇಳುತ್ತಲೇ ಇದ್ದರು.

ಒಂದು ಮಧ್ಯಾಹ್ನ ತನ್ವೀರ ಮುಲಾಮಿನ ಡಬ್ಬಿಯನ್ನು ಅವಳ ಕೈಗೇ ಕೊಟ್ಟ.

"ನಾಳಿಂದ ಬರಲ್ರಿ. ಅಂಗಡಿ ಮುಚ್ಚಲಿಕ್ಕತ್ತೇನಿ. ಹೈದರಾಬಾದಿನಾಗ ಮಾಮು ಅದಾರ, ಅವರ ಹತ್ರ ಹೋಗ್ತೇನಿ."

"ಯಾಕ...?"

"ಕುದುರಿ ಸುಟ್ಟವನ ಅಂಗಡಿಗಿ ಯಾರ್ ಬರ್ತಾರ್ರಿ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಅಂಗಳಕ್ಕೆ ಔರಾದದ ಶಿವಕಾಂತ ಬಂದರು. ಕುರಿ ಸಾಕುವ ಮನೆತನದ ಹಿರಿಯರು. ತಮ್ಮನ ಮಗನ ಮದುವೆಗೆ ಕುದುರೆ ನೋಡಬೇಕಿತ್ತು ಅವರಿಗೆ.

"ಕುಬರಾ, ಝೂಲು ತಗೊಂಡ್ ಬಾ! ಸಿಂಗಾರ ಮಾಡಿ ತೋರಸೋಣ!" ಅಬ್ಬಾಗೆ ಯಾವಾಗಲೂ ಅವಸರವೇ.

ಭಾಲ್ಕಿಯ ಬರಾತು ಮುಗಿದ ಮೇಲೆ ಆ ಜರಿಯ ಹೊದಿಕೆಯನ್ನು ಅಬ್ಬಾನೇ ಮಡಿಚಿ ಪೆಟ್ಟಿಗೆಯಲ್ಲಿಟ್ಟಿದ್ದರು. ಕುಬರಾ ಅದನ್ನು ಬಿಚ್ಚಿದಳು. ಗಪ್ಪನೆ ಔಷಧದ ವಾಸನೆ! ಒಳಗಿನ ಅಸ್ತರಿನ ಬಟ್ಟೆ ಹಳದಿಗಟ್ಟಿ ರಟ್ಟಿನಂತೆ ಬಿರುಸಾಗಿತ್ತು. ಅದಕ್ಕೆ ನೂರಿಯ ಬಿಳಿ ಕೂದಲು ಅಂಟಿಕೊಂಡಿತ್ತು.

ಅದನ್ನು ನೂರಿಯ ಬೆನ್ನ ಮೇಲೆ ಹಾಸಿದಳು. ಹೊಸ ಕೂದಲು ಮೊಳೆತಿದ್ದ ಜಾಗವಷ್ಟೂ ಅಂಚಿಗೆ ಅಂಚು ಕೂಡಿ ಮುಚ್ಚಿಹೋಯಿತು. ಕುತ್ತಿಗೆಗೂ ಕಾಲಿಗೂ ಅದೇ ಔಷಧ ಹಚ್ಚಿದ್ದರಲ್ಲ? ಅಲ್ಲಿ ಒಂದು ದದ್ದೂ ಎದ್ದಿರಲಿಲ್ಲ!

'ಯಾ ಅಲ್ಲಾ... ಔಷಧ ಹಸಿಯಿದ್ದಾಗಲೇ ಝೂಲು ಹಾಕಿದ್ದಾರೆ. ಆ ಬಿಸಿಲಲ್ಲಿ, ಆ ಬೆವರಲ್ಲಿ, ಗಾಳಿಯಾಡದೆ ಬೆಂದುಹೋಗಿದೆ ನನ್ನ ನೂರಿ!'

ತಲೆಯೆತ್ತಿದಳು. ಬಾಗಿಲ ಬಳಿ ನಿಂತಿದ್ದ ತನ್ವೀರ ಬೇಡವೆಂಬಂತೆ ತಲೆಯಾಡಿಸಿದ. ಅವನಿಗೆ ಗೊತ್ತಿತ್ತು! ಮೊದಲ ದಿನದಿಂದಲೂ ಗೊತ್ತಿತ್ತು!

ಹೊರಗೆ ಶಿವಕಾಂತರ ದನಿ. "ಭಾಲ್ಕಿಯಾಗ ಮದುಮಗನಿಗಿ ಕೆಡವಿತ್ತಂತಲ್ರಿ, ಚಾಚಾ?"

"ಕುದುರಿ ತಪ್ಪಲ್ರಿ ಅದು. ಇಂವ ನಿಂತಾನ ನೋಡ್ರಿ, ಇಂವನ ಔಷಧದ್ದು!"

ಕುಬರಾ ನೂರಿಯ ಬೆನ್ನಿನಿಂದ ಝೂಲು ಎಳೆದುಕೊಂಡಳು. ಹೇಳಿದರೆ ಹೊರಗಿನವರ ಎದುರು ಮಗಳ ಬಾಯಿಂದಲೇ ಅಬ್ಬಾನ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಇವನು ಮಾಡದ ತಪ್ಪು ಹೊತ್ತು ಊರು ಬಿಡುತ್ತಾನೆ. ಅತ್ತ ಹೋಗುವಂತಿಲ್ಲ, ಇತ್ತ ಬರುವಂತಿಲ್ಲ. ಲಾಯದ ಗೋಡೆಗಳೆಲ್ಲ ಹತ್ತಿರ ಹತ್ತಿರ ಸರಿದಂತಾಯಿತು. ಯಾರನ್ನು ಉಳಿಸಿಕೊಳ್ಳಲಿ ನಾನು?

ತನ್ವೀರ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟ.

"ಅಬ್ಬಾ!" ಝೂಲು ಅವುಚಿಕೊಂಡು ಓಡಿ ಬಂದಳು. "ಔಷಧದ್ದಲ್ರಿ ತಪ್ಪು. ಹಸಿ ಇದ್ದಾಗೇ ನಾವು ಮ್ಯಾಲ ಇದನ್ನ ಹಾಕೇವಿ. ನೋಡ್ರಿ ಇಲ್ಲಿ..."

ಅಬ್ಬಾನ ಕೈ ಮೇಲೆದ್ದಿತು. ಕುಬರಾ ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ.

"ನಾವಲ್ಲ, ಬೇಟಿ..." ಅಬ್ಬಾ ಕಟ್ಟೆಯ ಮೇಲೆ ಕುಸಿದು ಕೂತರು. "ನಾ ಹಾಕೀನಿ. ಬ್ಯಾಂಡಿನವರು ಬಂದು ನಿಂತಿದ್ರು, ಮದುಮಗನ ಕಡಿಯವರು ಒದರ್ಲಿಕ್ಕತ್ತಿದ್ರು. ಇಂವ ಹೇಳಿದ್ದು ನೆನಪಿತ್ತು. ಏನಾಗ್ತದ ಬಿಡು ಅಂದ್ಕೊಂಡೆ. ಆಮ್ಯಾಲ ನಿನ್ನ ಎದುರಿಗಿ ಹ್ಯಾಂಗ ಹೇಳ್ಲಿ?"

ಶಿವಕಾಂತರು ಝೂಲಿನ ಅಸ್ತರನ್ನು ಮುಟ್ಟಿ ನೋಡಿದರು.

"ನಮ್ಮ ಬರಾತಿಗಿ ಮುಂಜಾನಿನೇ ಬಂದ್ ಬಿಡ್ರಿ ಚಾಚಾ. ಔಷಧ ಆರಾಮ ಒಣಗಲಿ, ನಾವು ಅವಸರ ಮಾಡಲ್ಲ." ಆಮೇಲೆ, ಅಂಗಳ ದಾಟದೆ ನಿಂತುಬಿಟ್ಟಿದ್ದ ತನ್ವೀರನತ್ತ ತಿರುಗಿದರು. "ನಮ್ಮ ಕುರಿಗೂ ನೊಣದ ತ್ರಾಸ ಭಾಳ ಅದ ನೋಡ್ರಿ. ಅಂಗಡಿ ತೆರದಿರ್ತದ ಹೌದಿಲ್ಲೋ?"

ತನ್ವೀರ ಕುಬರಾಳ ಮುಖ ನೋಡಿದ. "ತೆರದಿರ್ತದ್ರಿ," ಎಂದ.

ಅಬ್ಬಾ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. "ಮಾಫ್ ಮಾಡು, ಬೇಟಾ," ಎಂದಷ್ಟೇ ಹೇಳಿ ಶಿವಕಾಂತರನ್ನು ಚಹಾಕ್ಕೆ ಒಳಗೆ ಕರೆದೊಯ್ದರು.

ಇಬ್ಬರೇ ಉಳಿದರು.

"ಗೊತ್ತಿದ್ದೂ ಯಾಕ ಸುಮ್ನಿದ್ರಿ?" ಕುಬರಾಳ ಕಣ್ಣು ತುಂಬಿ ಬಂತು. "ಎಷ್ಟ್ ಬೈದೀನಿ ನಿಮಗ ನಾ!"

"ನೀವು ಅಬ್ಬಾಗ ಎಷ್ಟು ನಂಬಿದ್ರಿ ಅಂತ ಅವತ್ತೇ ಕಂಡಿತ್ತು. ಅದನ್ನ ಕೆಡಿಸಲಿಕ್ಕ ಮನಸ್ ಆಗ್ಲಿಲ್ರಿ." ಅವನು ತಲೆ ತಗ್ಗಿಸಿ ನಕ್ಕ. "ಮತ್ತ... ಒಂದ್ ಸುಳ್ಳು ನಾನೂ ಹೇಳೀನಿ. ನೂರಿ ಆರಾಮ ಆಗಿ ಭಾಳ ದಿನ ಆಯ್ತು. ಈಚಿಗಿ ನಾ ಸುಮ್ನ ಬರ್ತಿದ್ದೆ... ನಿಮಗ ನೋಡ್ಲಿಕ್ಕ."

"ಗೊತ್ತಿತ್ತು."

"ಆಂ?"

"ಕುದುರಿಯವರ ಮನಿಯಾಗ ಹುಟ್ಟೀನಿ. ಕುದುರಿ ಆರಾಮ ಆಗಿದ್ದು ತಿಳಿಯಲ್ಲೇನ್ರಿ ನನಗ?"

"ಮತ್ತ ಹೇಳ್ಲಿಲ್ಲ ಯಾಕ?"

"ಹೇಳಿದ್ರ... ಬರೋದು ಬಿಡ್ತಿದ್ರಿ." ಅವಳು ದುಪಟ್ಟಾದಿಂದ ಮುಖ ಒರೆಸಿಕೊಂಡಳು. "ನಾಳಿಗಿ ಬರ್ತೀರಲ್ಲಾ?"

"ಬರ್ತೇನಿ. ಅಮ್ಮಿಗೂ ಕರ್ಕೊಂಡ್ ಬರ್ತೇನಿ... ಚಾಚಾ ಜೋಡಿ ಮಾತಾಡ್ಲಿಕ್ಕ."